ಮತವನ್ನು ಮಾರಿಕೊಂಡ ಊರು



ಮೂವತ್ತು ವರ್ಷಗಳ ಕಾಲ ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದ್ದೇನೆ. ಆ ಅವಧಿಯಲ್ಲಿ ಪ್ರತಿ ವರ್ಷವೂ ತಪ್ಪದೆ ಹೇಳುತ್ತಿದ್ದ ವಾಕ್ಯಗಳಲ್ಲಿ ಇದೂ ಒಂದು: "ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ಮೊದಲ ಭಾರತೀಯ ದಾದಾಭಾಯಿ ನವರೋಜಿ, 1892." ಒಂದು ಅಂಕದ ಪ್ರಶ್ನೆಯಾಗಿ ಇದನ್ನು ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಈಗ್ಗೆ ಕೆಲವು ದಿನಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ನವರೋಜಿಯವರಿಗಿಂತ ಐವತ್ತೊಂದು ವರ್ಷ ಮೊದಲೇ ಒಬ್ಬ ಭಾರತೀಯ ಅಲ್ಲಿ ಕುಳಿತಿದ್ದನಂತಲ್ಲ, ನೀವು ನಮಗೆ ಹೇಳಲೇ ಇಲ್ಲ" ಎಂದ. ಅವನ ದನಿಯಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ಆದರೂ ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಶಿಕ್ಷಕನ ತಪ್ಪು ಅವನೊಬ್ಬನದಾಗಿ ಉಳಿಯುವುದಿಲ್ಲ. ನೂರಾರು ಮಕ್ಕಳ ಉತ್ತರಪತ್ರಿಕೆಗಳಲ್ಲಿ ಹರಡಿಕೊಂಡಿರುತ್ತದೆ.

ಆ ಸಾಲವನ್ನು ತೀರಿಸುವ ಪ್ರಯತ್ನವೇ ಈ ಲೇಖನ. ಓದುತ್ತ ಹೋದಂತೆ, ಆ ವ್ಯಕ್ತಿಯಷ್ಟೇ ಅವನನ್ನು ಆರಿಸಿ ಕಳುಹಿಸಿದ ಊರೂ ನನ್ನನ್ನು ಹಿಡಿದು ನಿಲ್ಲಿಸಿತು. ಆದ್ದರಿಂದ ಮೊದಲು ಊರಿನ ಕಥೆ.

ಇಂಗ್ಲೆಂಡಿನ ಪೂರ್ವಕ್ಕೆ ಸಫೋಕ್ ಎಂಬ ಪ್ರಾಂತ್ಯವಿದೆ. ಅಲ್ಲಿ ಸ್ಟೂರ್ ನದಿಯ ತಿರುವಿನಲ್ಲಿ ಸಡ್ಬರಿ ಎಂಬ ಪುಟ್ಟ ಪಟ್ಟಣ. ಹಿಂದೆ ಉಣ್ಣೆಯ ಬಟ್ಟೆಗೂ ಅನಂತರ ರೇಷ್ಮೆಗೂ ಹೆಸರಾದ ನೇಕಾರರ ಊರಿದು. ಪ್ರಸಿದ್ಧ ಚಿತ್ರಕಾರ ಥಾಮಸ್ ಗೇನ್ಸ್‌ಬರೊ 1727ರಲ್ಲಿ ಇಲ್ಲಿಯೇ ಜನಿಸಿದ. ಊರಿನ ಸಂತ ಗ್ರೆಗರಿ ಚರ್ಚಿನಲ್ಲಿ ಒಂದು ತಲೆಬುರುಡೆಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಅದು ಈ ಊರಿನವನೇ ಆದ ಆರ್ಚ್‌ಬಿಷಪ್ ಸೈಮನ್‌ನದು. ರಾಜ್ಯದ ಚಾನ್ಸಲರ್ ಕೂಡ ಆಗಿದ್ದ ಅವನನ್ನು, ತಲೆಗಂದಾಯದ ವಿರುದ್ಧ ಸಿಡಿದೆದ್ದ ರೈತರು 1381ರಲ್ಲಿ ಲಂಡನ್ನಿನಲ್ಲಿ ಹಿಡಿದು ತಲೆ ಕಡಿದರು. ಪ್ರಜೆಗಳನ್ನು ಕೇಳದೆ ತೆರಿಗೆ ಹೇರಿದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿಯನ್ನು ಆ ಊರು ತನ್ನ ಗುಡಿಯಲ್ಲೇ ಇಟ್ಟುಕೊಂಡಿದೆ ಎನ್ನಬಹುದು.

1559ರಿಂದ ಸಡ್ಬರಿ ಪಟ್ಟಣವು ಕಾಮನ್ಸ್ ಸಭೆಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಿತ್ತು. ಮತ ಹಾಕುವ ಹಕ್ಕು ಅಲ್ಲಿನ 'ಫ್ರೀಮನ್'ಗಳದು, ಅಂದರೆ ಪುರಸಭೆಯ ದಾಖಲೆಯಲ್ಲಿ ಹೆಸರಿದ್ದ ಪೌರರದು. ಫ್ರೀಮನ್ನನ ಮಗನಾಗಿ ಹುಟ್ಟಿದರೆ ಅಥವಾ ಫ್ರೀಮನ್ನನೊಬ್ಬನ ಬಳಿ ಕಸುಬು ಕಲಿತು ಅವಧಿ ಪೂರೈಸಿದರೆ ಈ ಸ್ಥಾನ ದೊರೆಯುತ್ತಿತ್ತು. ಹೀಗಾಗಿ ಅನೇಕ ಊರುಗಳಲ್ಲಿ ಇಲ್ಲದ ಭಾಗ್ಯ ಇಲ್ಲಿತ್ತು: ಮಗ್ಗದ ಮುಂದೆ ಕೂರುವ ಬಡ ನೇಕಾರನಿಗೂ ಮತವಿತ್ತು.

ನಿಮಗೆ 1832ರ ಸುಧಾರಣಾ ಕಾಯಿದೆಯ ಪಾಠ ನೆನಪಿರಬಹುದು. 'ಕೊಳೆತ ಕ್ಷೇತ್ರಗಳು' ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತಿದ್ದೆವು. ನಿಜವಾಗಿ ನೋಡಿದರೆ ಅಲ್ಲಿ ಮೂರು ಬಗೆಯಿತ್ತು. ಜನರೇ ಇಲ್ಲದೆ ಹೆಸರು ಮಾತ್ರ ಉಳಿದವು ಮೊದಲನೆಯವು. ಬಹುಭಾಗ ಸಮುದ್ರದ ಪಾಲಾಗಿದ್ದ ಸಫೋಕಿನ ಡನಿಚ್ ಕೂಡ 1832ರವರೆಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಿತ್ತು. ಅದೇ ಹೊತ್ತಿಗೆ ಮ್ಯಾಂಚೆಸ್ಟರಿನಂತಹ ಮಹಾನಗರಕ್ಕೆ ತನ್ನದೇ ಆದ ಒಬ್ಬ ಸದಸ್ಯನೂ ಇರಲಿಲ್ಲ. ಒಬ್ಬ ಜಮೀನ್ದಾರನ ಜೇಬಿನೊಳಗಿದ್ದ ಕ್ಷೇತ್ರಗಳು ಎರಡನೆಯವು. ಮತದಾರರು ಸಾಕಷ್ಟಿದ್ದು, ಅವರು ತಮ್ಮ ಮತವನ್ನು ಬಂದ ಬೆಲೆಗೆ ಮಾರುತ್ತಿದ್ದ ಕ್ಷೇತ್ರಗಳು ಮೂರನೆಯವು. ಸಡ್ಬರಿ ಈ ಮೂರನೆಯ ಗುಂಪಿಗೆ ಸೇರಿದ್ದು. 1761ರ ಮಹಾಚುನಾವಣೆಯಲ್ಲಿ ಈ ಪಟ್ಟಣವು ತಾನು ಮಾರಾಟಕ್ಕಿರುವುದಾಗಿ ಬಹಿರಂಗವಾಗಿ ಜಾಹೀರಾತು ಕೊಟ್ಟಿತೆಂದು ಸಂವಿಧಾನ ಇತಿಹಾಸಕಾರ ಅರ್ಸ್ಕಿನ್ ಮೇ ದಾಖಲಿಸಿದ್ದಾನೆ.

ಚಾರ್ಲ್ಸ್ ಡಿಕನ್ಸ್ ತರುಣನಾಗಿದ್ದಾಗ ಪತ್ರಿಕಾ ವರದಿಗಾರನಾಗಿ 1835ರಲ್ಲಿ ಸಫೋಕಿನ ಚುನಾವಣೆಗಳನ್ನು ನೋಡಿ ಬಂದಿದ್ದ. ಅವನ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ 'ಈಟನ್‌ಸ್ವಿಲ್' ಎಂಬ ಊರಿನ ಚುನಾವಣೆಯ ವರ್ಣನೆ ಬರುತ್ತದೆ. ತಿಂದು ಕುಡಿದು ತೇಗು ಎಂಬ ಅರ್ಥ ಆ ಹೆಸರಿನೊಳಗೇ ಅಡಗಿದೆ. ಆ ಊರು ಸಡ್ಬರಿಯೇ ಎಂದು ಬಹಳ ಮಂದಿ ನಂಬಿದ್ದಾರೆ.

1832ರ ಕಾಯಿದೆ ಸಡ್ಬರಿಯ ಎರಡೂ ಸ್ಥಾನಗಳನ್ನು ಉಳಿಸಿತು. ಆದರೆ ಮತದಾನದ ವಿಧಾನ ಬದಲಾಗಲಿಲ್ಲ. ಗುಪ್ತ ಮತದಾನ ಎಂಬುದೇ ಆಗ ಇರಲಿಲ್ಲ. ಮತದಾರ ಎಲ್ಲರೆದುರು ನಿಂತು ತಾನು ಯಾರಿಗೆ ಮತ ನೀಡುವೆನೆಂದು ಬಾಯಿಬಿಟ್ಟು ಹೇಳಬೇಕು, ಗುಮಾಸ್ತ ಅದನ್ನು ಬರೆದುಕೊಳ್ಳಬೇಕು. ಕೆಲಸ ಕೊಟ್ಟ ಧಣಿಯೂ ಮನೆ ಬಾಡಿಗೆಗೆ ಕೊಟ್ಟವನೂ ಸಾಲ ಕೊಟ್ಟ ಅಂಗಡಿಯವನೂ ಅಲ್ಲಿಯೇ ನಿಂತು ಕೇಳಿಸಿಕೊಳ್ಳಬಹುದು. ಹಣ ಕೊಟ್ಟವನಿಗೆ ತನ್ನ ಹಣ ಸಾರ್ಥಕವಾಯಿತೇ ಎಂಬುದು ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಕೊಂಡ ವಸ್ತು ಕೈಗೆ ಬಂದಿತೆಂದು ಕಣ್ಣಾರೆ ಕಾಣುವಂತಿದ್ದರೆ ಯಾವ ವ್ಯಾಪಾರ ತಾನೇ ನಿಲ್ಲುತ್ತದೆ?

ಇಂತಹ ಊರಿಗೆ 1841ರ ಮಹಾಚುನಾವಣೆಯಲ್ಲಿ ಅಭ್ಯರ್ಥಿಯಾಗಿ ಬಂದವನು ಡೇವಿಡ್ ಆಕ್ಟರ್ಲೊನಿ ಡೈಸ್ ಸಾಂಬ್ರೆ. ಅವನ ಹುಟ್ಟೂರು ಮೀರತ್ ಬಳಿಯ ಸರ್ಧಾನ, ಹುಟ್ಟಿದ್ದು 1808ರಲ್ಲಿ. ಸರ್ಧಾನ ಎಂದೊಡನೆ ಬೇಗಂ ಸಮ್ರೂ ನೆನಪಾಗಬೇಕು. ದೆಹಲಿಯಲ್ಲಿ ನರ್ತಕಿಯಾಗಿದ್ದ ಫರ್ಜಾನಾ, ಯುರೋಪಿನಿಂದ ಬಂದ ಕೂಲಿ ಸೈನಿಕ ವಾಲ್ಟರ್ ರೈನ್‌ಹಾರ್ಟ್‌ನ ಸಂಗಾತಿಯಾದಳು. 1778ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಸೈನ್ಯವನ್ನು ತಾನೇ ಮುನ್ನಡೆಸಿದಳು. ಕ್ರೈಸ್ತ ಧರ್ಮವನ್ನು ಸ್ವೀಕರಿಸಿ ಸರ್ಧಾನದಲ್ಲಿ ಭವ್ಯವಾದ ಚರ್ಚನ್ನು ಕಟ್ಟಿಸಿದಳು. ಅವಳಿಗೆ ಮಕ್ಕಳಿರಲಿಲ್ಲ. ರೈನ್‌ಹಾರ್ಟ್‌ನ ಮತ್ತೊಬ್ಬ ಹೆಂಡತಿಯ ಮಗನಿಗೆ ಮೊಮ್ಮಗನಾಗಬೇಕಾದ ಈ ಡೇವಿಡ್‌ನನ್ನು ಸಾಕಿ ಬೆಳೆಸಿ ಉತ್ತರಾಧಿಕಾರಿಯನ್ನಾಗಿ ಮಾಡಿಕೊಂಡಳು.

1836ರಲ್ಲಿ ಬೇಗಂ ನಿಧನಳಾದೊಡನೆ ಈಸ್ಟ್ ಇಂಡಿಯಾ ಕಂಪನಿ ಅವಳ ಜಹಗೀರನ್ನು ವಶಪಡಿಸಿಕೊಂಡಿತು. ಆದರೂ ಡೇವಿಡ್‌ನ ಪಾಲಿಗೆ ಅಪಾರ ಸಂಪತ್ತು ಉಳಿಯಿತು. ಅದರೊಂದಿಗೆ 1838ರಲ್ಲಿ ಇಂಗ್ಲೆಂಡಿಗೆ ಹೋದ. 1840ರಲ್ಲಿ ವೈಕೌಂಟ್ ಸೇಂಟ್ ವಿನ್ಸೆಂಟ್‌ನ ಮಗಳು ಮೇರಿ ಆ್ಯನ್ ಜರ್ವಿಸ್‌ಳನ್ನು ಮದುವೆಯಾದ. ಮರುವರ್ಷವೇ ಚುನಾವಣೆ. ಸಡ್ಬರಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಇದ್ದದ್ದು ಹಣ. ಅವನೂ ಅವನ ಜೊತೆಗಾರ ಫ್ರೆಡರಿಕ್ ವಿಲಿಯರ್ಸ್‌ನೂ ಮುನ್ನೂರು ಮತಗಳನ್ನೂ ಮುಟ್ಟದೆ, ಅತ್ಯಲ್ಪ ಅಂತರದಿಂದ ಗೆದ್ದರು. ಮೂವತ್ತೆರಡು ವಯಸ್ಸಿನ ಡೈಸ್ ಸಾಂಬ್ರೆ ಕಾಮನ್ಸ್ ಸಭೆಯಲ್ಲಿ ಕುಳಿತ. ಏಷ್ಯಾ ಮೂಲದವನೊಬ್ಬ ಅಲ್ಲಿಗೆ ಪ್ರವೇಶಿಸಿದ್ದು ಅದೇ ಮೊದಲು.

ಒಂದು ವರ್ಷವೂ ತುಂಬಲಿಲ್ಲ. ಸೋತವರ ಕಡೆಯ ದೂರಿನ ಮೇಲೆ ವಿಚಾರಣೆ ನಡೆದು, ಲಂಚದ ಕಾರಣದಿಂದ 1842ರ ಏಪ್ರಿಲಿನಲ್ಲಿ ಆ ಚುನಾವಣೆಯನ್ನು ಅಸಿಂಧುವೆಂದು ಘೋಷಿಸಲಾಯಿತು. ಇಬ್ಬರೂ ಸ್ಥಾನ ಕಳೆದುಕೊಂಡರು. ಹೊಸ ಚುನಾವಣೆ ನಡೆಸಲು ಸಂಸತ್ತು ಒಪ್ಪಲಿಲ್ಲ. ಆಯೋಗವೊಂದು ವಿಚಾರಣೆ ನಡೆಸಿತು. ಕೊನೆಗೆ 1844ರಲ್ಲಿ ಒಂದು ಕಾಯಿದೆಯ ಮೂಲಕ ಸಡ್ಬರಿ ಕ್ಷೇತ್ರವನ್ನೇ ಅಳಿಸಿಹಾಕಲಾಯಿತು. ಇನ್ನೂರ ಎಂಬತ್ತೈದು ವರ್ಷಗಳ ಹಕ್ಕು ಅಲ್ಲಿಗೆ ಮುಗಿಯಿತು. ಅದರ ಎರಡು ಸ್ಥಾನಗಳನ್ನು, ಇದೇ ಕಾರಣಕ್ಕೆ 1852ರಲ್ಲಿ ರದ್ದಾದ ಸೇಂಟ್ ಆಲ್ಬನ್ಸ್‌ನ ಎರಡು ಸ್ಥಾನಗಳೊಂದಿಗೆ ಸೇರಿಸಿ, 1861ರಲ್ಲಿ ಬರ್ಕನ್‌ಹೆಡ್, ದಕ್ಷಿಣ ಲ್ಯಾಂಕಷೈರ್ ಮತ್ತು ಯಾರ್ಕ್‌ಷೈರಿನ ವೆಸ್ಟ್ ರೈಡಿಂಗ್‌ಗಳಿಗೆ ಹಂಚಿದರು.

ತರಗತಿಯಲ್ಲಾಗಿದ್ದರೆ ಇಲ್ಲಿಗೆ "ತಪ್ಪಿಗೆ ತಕ್ಕ ಶಿಕ್ಷೆ" ಎಂದು ಹೇಳಿ ಪಾಠ ಮುಗಿಸುತ್ತಿದ್ದೆನೇನೋ. ಈಗ ಹಾಗೆ ಹೇಳಲು ಮನಸ್ಸು ಒಪ್ಪುತ್ತಿಲ್ಲ. ಶಿಕ್ಷೆ ಯಾರಿಗಾಯಿತು ನೋಡಿ. ಸಡ್ಬರಿಯನ್ನು ಪಶ್ಚಿಮ ಸಫೋಕ್ ಎಂಬ ಗ್ರಾಮಾಂತರ ಕ್ಷೇತ್ರದೊಳಗೆ ಸೇರಿಸಿದರು. ಅಲ್ಲಿ ಮತ ದೊರೆಯುತ್ತಿದ್ದುದು ಭೂಮಿಯ ಒಡೆತನ ಅಥವಾ ದೊಡ್ಡ ಗೇಣಿಯ ಆಧಾರದ ಮೇಲೆ. ಆಸ್ತಿವಂತನಿಗೆ ಅಲ್ಲಿಯೂ ಮತ ಸಿಕ್ಕಿತು. ಮಗ್ಗವೊಂದನ್ನು ಬಿಟ್ಟು ಬೇರೆ ಆಸ್ತಿಯಿಲ್ಲದ ನೇಕಾರನಿಗೆ ಸಿಗಲಿಲ್ಲ. ಹಣ ಮುಟ್ಟದವನೊಬ್ಬ ಆ ಊರಿನಲ್ಲಿದ್ದಿದ್ದರೆ ಅವನ ಹಕ್ಕೂ ಹೋಯಿತು. ಕೂಲಿಕಾರರಿಗೂ ಸಾಮಾನ್ಯ ಗೃಹಸ್ಥರಿಗೂ ಗ್ರಾಮಾಂತರ ಕ್ಷೇತ್ರಗಳಲ್ಲಿ ಮತ ನೀಡಿದ್ದು 1884ರ ಕಾಯಿದೆ. 1885ರಲ್ಲಿ ಸಡ್ಬರಿ ಎಂಬ ಹೆಸರಿನಲ್ಲಿಯೇ ಒಂದು ದೊಡ್ಡ ಕ್ಷೇತ್ರ ಮತ್ತೆ ಹುಟ್ಟಿ 1950ರವರೆಗೆ ಉಳಿಯಿತು. ನಡುವಿನ ನಲವತ್ತು ವರ್ಷಗಳಲ್ಲಿ ಒಂದಿಡೀ ತಲೆಮಾರು ಬಾಯಿಲ್ಲದೆ ಬದುಕಿತು. ಕೊಂಡವರು ಕಳೆದುಕೊಂಡದ್ದು ಒಂದು ಕುರ್ಚಿ. ಮಾರಿದವರ ಮಕ್ಕಳೂ ದಂಡ ತೆತ್ತರು.

ಡೈಸ್ ಸಾಂಬ್ರೆಯ ಮುಂದಿನ ಬದುಕು ದುಃಖಕರವಾದದ್ದು. ಹೆಂಡತಿಯ ಮೇಲೆ ಸಂದೇಹ, ಕಂಡಕಂಡವರಿಗೆ ದ್ವಂದ್ವಯುದ್ಧದ ಸವಾಲು. 1843ರಲ್ಲಿ ಅವನನ್ನು ಬುದ್ಧಿಭ್ರಮಣೆಯಾದವನೆಂದು ತೀರ್ಮಾನಿಸಿ ಆಸ್ತಿಯ ಮೇಲಿನ ಅಧಿಕಾರವನ್ನು ಕಿತ್ತುಕೊಂಡರು. ಅವನ ನಡತೆ ಹುಚ್ಚೋ ಅಥವಾ ಹಿಂದೂಸ್ತಾನದ ಅಂತಃಪುರದಲ್ಲಿ ಬೆಳೆದವನ ಸಂಸ್ಕಾರವೋ ಎಂಬ ಚರ್ಚೆಯೂ ಆಗ ನಡೆಯಿತು. ಅವನು ತಪ್ಪಿಸಿಕೊಂಡು ಪ್ಯಾರಿಸಿಗೆ ಹೋದ. ತಾನು ಹುಚ್ಚನಲ್ಲವೆಂದು ಯುರೋಪಿನ ವೈದ್ಯರಿಂದ ಪತ್ರಗಳನ್ನು ಪಡೆದು, ಆ ಆರೋಪವನ್ನು ಖಂಡಿಸಿ 1849ರಲ್ಲಿ ದೊಡ್ಡ ಪುಸ್ತಕವನ್ನೇ ಅಚ್ಚು ಹಾಕಿಸಿದ. 1851ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ತನ್ನ ಉಯಿಲಿನಲ್ಲಿ ಸರ್ಧಾನದಲ್ಲಿ ಮಕ್ಕಳಿಗಾಗಿ ಒಂದು ಶಾಲೆ ಆಗಬೇಕೆಂದು ಬರೆದಿಟ್ಟಿದ್ದ. ಬರೆದವನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವೆಂದು 1856ರಲ್ಲಿ ಪ್ರಿವಿ ಕೌನ್ಸಿಲ್ ಆ ಉಯಿಲನ್ನು ತಳ್ಳಿಹಾಕಿತು. ಮೇಷ್ಟರ ವೃತ್ತಿಯಲ್ಲಿ ಬಾಳು ಕಳೆದ ನನಗೆ, ಅವನ ಸಂಸತ್ತಿನ ಕುರ್ಚಿ ಹೋದದ್ದಕ್ಕಿಂತ ಆ ಶಾಲೆ ಆಗದೆ ಹೋದದ್ದೇ ಹೆಚ್ಚು ನೋವಾಗಿ ಕಾಣುತ್ತದೆ. 1867ರಲ್ಲಿ ಅವನ ಶರೀರವನ್ನು ಭಾರತಕ್ಕೆ ತಂದು ಸರ್ಧಾನದಲ್ಲಿ ಬೇಗಂಳ ಪಕ್ಕದಲ್ಲಿಯೇ ಮಣ್ಣು ಮಾಡಿದರು.

ಹಾಗಾದರೆ ನಾನು ಕಲಿಸಿದ ವಾಕ್ಯವನ್ನು ಹೇಗೆ ತಿದ್ದಬೇಕು? ಕಾಲದ ಲೆಕ್ಕದಲ್ಲಿ ಮೊದಲಿಗ ಡೈಸ್ ಸಾಂಬ್ರೆ, ಅದರಲ್ಲಿ ಅನುಮಾನವಿಲ್ಲ. ಆದರೆ ನವರೋಜಿಯವರು 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯಿಂದ ಗೆದ್ದಾಗ ಕಾಲ ಬದಲಾಗಿತ್ತು. 1872ರ ಕಾಯಿದೆ ಗುಪ್ತ ಮತದಾನವನ್ನು ತಂದಿತ್ತು. 1883ರ ಕಾಯಿದೆ ಚುನಾವಣಾ ವೆಚ್ಚಕ್ಕೆ ಮಿತಿ ಹಾಕಿತ್ತು. ಅವರ ಗೆಲುವಿನ ಅಂತರವೂ ಬೆರಳೆಣಿಕೆಯದೇ. ಆದರೆ ಆ ಮತಗಳನ್ನು ಹಾಕಿದವರು ಮರೆಯಲ್ಲಿ ನಿಂತು, ತಮ್ಮ ಮನಸ್ಸಿಗೆ ಬಂದಂತೆ ಗುರುತು ಮಾಡಿದ್ದರು. ಆ ಬಲದಿಂದಲೇ ನವರೋಜಿಯವರು ಅಲ್ಲಿ ನಿಂತು ಭಾರತದ ಬಡತನದ ಬಗ್ಗೆ ಮಾತನಾಡಬಲ್ಲವರಾದರು. ಒಬ್ಬನನ್ನು ಹಣ ಕೂರಿಸಿತು, ಇನ್ನೊಬ್ಬರನ್ನು ಜನ ಕೂರಿಸಿದರು. ಇಬ್ಬರ ಹೆಸರನ್ನೂ ಹೇಳಬೇಕು. ಈ ವ್ಯತ್ಯಾಸವನ್ನೂ ಹೇಳಬೇಕು. ನನ್ನ ಪಾಠದಲ್ಲಿ ಬಿಟ್ಟುಹೋಗಿದ್ದು ಇದು.

ಕೊನೆಯದಾಗಿ ಒಂದು ನೆನಪು. ಸೇವೆಯಲ್ಲಿದ್ದಾಗ ಉಳಿದ ಶಿಕ್ಷಕರಂತೆ ನಾನೂ ಅನೇಕ ಬಾರಿ ಚುನಾವಣಾ ಕರ್ತವ್ಯಕ್ಕೆ ಹೋಗಿದ್ದೇನೆ. ಒಂದು ಹಳ್ಳಿಯ ಮತಗಟ್ಟೆಯಲ್ಲಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಕೂಲಿ ಹೆಂಗಸೊಬ್ಬಳು ರಟ್ಟಿನ ಮರೆಯತ್ತ ಹೋಗುವ ಮುನ್ನ ನನ್ನ ಮೇಜಿನ ಬಳಿ ಬಗ್ಗಿ, "ಯಾರಿಗೂ ಗೊತ್ತಾಗಾಕಿಲ್ಲ ಅಲ್ವಾ ಸಾಮಿ?" ಎಂದು ಮೆಲ್ಲಗೆ ಕೇಳಿದ್ದಳು. "ಇಲ್ಲಮ್ಮ, ಯಾರಿಗೂ ಗೊತ್ತಾಗುವುದಿಲ್ಲ" ಎಂದಿದ್ದೆ. ಆಗ ಸಾಲು ಉದ್ದವಿತ್ತು. ಹೆಚ್ಚು ಯೋಚಿಸಲು ಸಮಯವಿರಲಿಲ್ಲ. ಆಕೆ ಆ ಬೆಳಿಗ್ಗೆ ಯಾರಿಗೆ ಹೆದರಿದ್ದಳೋ, ಯಾರಿಂದ ಏನು ಪಡೆದಿದ್ದಳೋ ನಾನು ಕೇಳಲಿಲ್ಲ, ಕೇಳಬಾರದು ಕೂಡ. ಸಡ್ಬರಿಯ ನೇಕಾರನಿಗೆ ಆ ರಟ್ಟಿನ ಮರೆ ಇದ್ದಿದ್ದರೆ ಅವನ ಊರಿನ ಕಥೆ ಬೇರೆಯಾಗುತ್ತಿತ್ತೋ ಏನೋ ಎಂದು ಈಗ ಅನ್ನಿಸುತ್ತದೆ.

ನನ್ನ ತರಗತಿಯಲ್ಲಿ ಕುಳಿತಿದ್ದ ನೀವೆಲ್ಲರೂ ನಿಮ್ಮ ಹಳೆಯ ಟಿಪ್ಪಣಿ ಪುಸ್ತಕದಲ್ಲಿ, ಅದು ಇನ್ನೂ ಉಳಿದಿದ್ದರೆ, ನವರೋಜಿಯವರ ಹೆಸರಿನ ಮೇಲೆ ಇನ್ನೊಂದು ಹೆಸರನ್ನು ಬರೆದುಕೊಳ್ಳಿ. ತಿದ್ದಿದ ವಿದ್ಯಾರ್ಥಿಗೆ ನನ್ನ ಆಶೀರ್ವಾದಗಳು. ಆ ಒಂದು ಅಂಕ ಅವನಿಗೇ ಸೇರಬೇಕು.