ಇಬ್ಬನಿಯ ಎರಡು ಓದು

ಹುಮನಾಬಾದ್ ಸೀಮೆಯ ನಿರ್ಣಾದಲ್ಲಿ ಹೇಮಂತದ ಬೆಳಗನ್ನು ಕಡಲೆಯ ಹೊಲದಲ್ಲಿ ನಿಂತು ನೋಡಬೇಕು. ರಾತ್ರಿ ಬಿದ್ದ ಇಬ್ಬನಿ ಗಿಡದ ಹುಳಿಯನ್ನು ಹೀರಿಕೊಂಡಿರುತ್ತದೆ. ನಸುಕಿನಲ್ಲಿ ಗಿಡಗಳ ಮೇಲೆ ತೆಳುಬಟ್ಟೆ ಹಾಸಿ, ನೆನೆದ ಮೇಲೆ ಹಿಂಡಿ, ಆ ಹುಳಿಯನ್ನು ಕೂಡಿಡುವ ರೂಢಿ ಒಕ್ಕಲು ಮನೆಗಳಲ್ಲಿತ್ತು. ಬಿಸಿಲೇರಿತೆಂದರೆ ಹನಿಯೂ ಇಲ್ಲ, ಹುಳಿಯೂ ಇಲ್ಲ. ಆರು ಋತುಗಳಲ್ಲಿ ನನಗೆ ಇದೇ ಹೆಚ್ಚು ಪ್ರಿಯ. ವಸಂತವನ್ನು ಹೊಗಳಲು ಕವಿಗಳು ಬೇಕಾದಷ್ಟಿದ್ದಾರೆ.

ಇಲ್ಲಿಗೆ ಸಮೀಪದ ಬಸವಕಲ್ಯಾಣವೇ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿವೆ. ಮೂರನೆಯ ವಿಂಶತಿ ಅರಸನ ಉಪಭೋಗಗಳಿಗೆ ಮೀಸಲು. ಉಡುವ ಬಟ್ಟೆ, ಪೂಸುವ ಗಂಧ, ಕುಡಿಯುವ ನೀರು ಎಲ್ಲವೂ ಋತುವನ್ನನುಸರಿಸಿ ಬದಲಾಗಬೇಕೆಂಬುದು ಅವನ ಮತ. ಊಟದಲ್ಲಿ ಗ್ರೀಷ್ಮಕ್ಕೆ ಸಿಹಿಯೂ ತಂಪೂ, ಹೇಮಂತಕ್ಕೆ ಜಿಡ್ಡೂ ಬಿಸಿಯೂ, ಶಿಶಿರಕ್ಕೆ ಬಿಸಿಯೂ ಹುಳಿಯೂ ಆದುದು ಹಿತವೆನ್ನುತ್ತಾನೆ. ಚಳಿಗೆ ಹುಳಿ ರುಚಿಸುವುದನ್ನು ಅರಮನೆಯೂ ಹೊಲವೂ ಒಂದೇ ರೀತಿ ಅರಿತಿದ್ದವು. ಆದರೆ ಋತುವಿಗೊಂದು ನೀರನ್ನು ಹೊತ್ತು ತಂದವರ ಚಳಿಯ ಮಾತು ಉಪಭೋಗದ ಗ್ರಂಥದಲ್ಲಿ ಬರುವಂಥದ್ದಲ್ಲ.

ಇದೇ ಇಬ್ಬನಿಗೆ ಇನ್ನೊಂದು ಓದು ಸೋಮೇಶ್ವರನಿಗಿಂತ ಎರಡು ಶತಮಾನಗಳಿಗೂ ಹಿಂದಿನದು. ಗುಣಭದ್ರಾಚಾರ್ಯರ 'ಉತ್ತರಪುರಾಣ'ದಲ್ಲಿ ಹತ್ತನೆಯ ತೀರ್ಥಂಕರರಾದ ಶೀತಲನಾಥರು ಇನ್ನೂ ಅರಸರಾಗಿದ್ದಾಗ ವನವಿಹಾರಕ್ಕೆ ಹೋಗುತ್ತಾರೆ. ಎಲ್ಲವನ್ನೂ ಮುಸುಕಿದ್ದ ಹಿಮ ಅವರು ನೋಡುತ್ತಿದ್ದಂತೆಯೇ ಕರಗಿಹೋಗುತ್ತದೆ. ಅವರಿಗೆ ವೈರಾಗ್ಯವುಂಟಾಗಲು ಅಷ್ಟೇ ಸಾಕಾಯಿತು. ಪಂಪನ 'ಆದಿಪುರಾಣ'ದಲ್ಲಿ (941) ನೀಲಾಂಜನೆಯ ನೃತ್ಯ ನಿರ್ವಹಿಸುವ ಕಾರ್ಯವನ್ನು ಇಲ್ಲಿ ಹಿಮ ನಿರ್ವಹಿಸುತ್ತದೆ. ಇಲ್ಲಿ ಇಂದ್ರನ ಉಪಾಯವೂ ಬೇಕಿಲ್ಲ, ನರ್ತಕಿಯೂ ಬೇಕಿಲ್ಲ.

ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯೂ ಒಂದು ಎಂದು ಪಾಠ ಹೇಳಿ, ಅದನ್ನು ಕಾವ್ಯದ ಕಡ್ಡಾಯ ಅಲಂಕಾರವೆಂಬಂತೆ ದಾಟಿಸಿಬಿಡುವುದುಂಟು. ನಾನೂ ಬಹುಕಾಲ ಹಾಗೆಯೇ ಪುಟ ಮಗುಚಿದವನು. ಜೈನಪುರಾಣಗಳ ಮಟ್ಟಿಗೆ ಅದು ಸರಿಯಲ್ಲವೆಂಬುದು ಈಗಿನ ನನ್ನ ತಿಳಿವಳಿಕೆ. ಇಲ್ಲಿ ಋತುವಿನ ಸೊಬಗು ಎಷ್ಟು ತುಂಬಿ ಬರುತ್ತದೆಯೋ ಅದರ ಅಳಿವು ಅಷ್ಟೇ ಆಳವಾಗಿ ತಾಕುತ್ತದೆ. ಶೀತಲನಾಥರು ವನಕ್ಕೆ ಹೊರಟದ್ದು ವಿಹಾರಕ್ಕೆಂದೇ, ವೈರಾಗ್ಯವನ್ನು ಅರಸಿಕೊಂಡಲ್ಲ. ಸೋಮೇಶ್ವರನ ರಸಿಕತೆಗೂ ಗುಣಭದ್ರರ ವಿರಕ್ತಿಗೂ ಬೇಕಾದದ್ದು ಕಣ್ಣರಳಿಸಿ ನೋಡುವ ಶಕ್ತಿ. ಆದುದರಿಂದ ಕಥೆಯ ಎಳೆ ಹಿಡಿಯುವ ಆತುರದಲ್ಲಿ ವರ್ಣನೆಯನ್ನು ಬಿಟ್ಟು ಓದುವವನಿಗೆ ವೈರಾಗ್ಯದ ಕಾರಣವೇ ಕೈತಪ್ಪುತ್ತದೆ.

ಹೇಮಂತದ ನಡುವೆ ಎಳ್ಳಮಾವಾಸ್ಯೆ ಬರುತ್ತದೆ. ಬೀದರ ಜಿಲ್ಲೆಯಲ್ಲಿ ಅದು ಹೊಲದ ಹಬ್ಬ. ಭಜ್ಜಿ, ಸಜ್ಜೆರೊಟ್ಟಿ, ಹುಳಿ ಅಂಬಲಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಡುತ್ತಾರೆ. ಭೂಮಿಗೆ ಚರಗ ಚೆಲ್ಲಿ ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಅವರು ಹೊಲ ಮುಟ್ಟುವ ಹೊತ್ತಿಗೆ ಕಡಲೆಯ ಎಲೆಗಳು ಒಣಗಿರುತ್ತವೆ.