ಹೊರೆ ಹೊತ್ತವರ ಚಿತ್ರ

ಶಹಾಬಾದಿನ ಕಲ್ಲಿನ ಮೇಲೆ ಕಾಲಿಡದವರು ನಮ್ಮ ಸೀಮೆಯಲ್ಲಿ ವಿರಳ. ಅಡುಗೆಮನೆಗೂ ಅದೇ ನೆಲ, ಶಾಲೆಯ ಪಡಸಾಲೆಗೂ ಅದೇ. ಆದರೆ ಕಲ್ಲು ತಾನಾಗಿ ನಡೆದು ಬರುವುದಿಲ್ಲ. ಅದನ್ನು ಹೊತ್ತು ತಂದವನ ರೂಪವನ್ನು ಕಲೆ ಎಲ್ಲಿಯಾದರೂ ಉಳಿಸಿದೆಯೇ? ವಾಚಕರೇ, ಈ ಪ್ರಶ್ನೆಯನ್ನು ಕೊಂಚ ವಿಚಾರಿಸೋಣ.

ಚಿತ್ತಾಪುರ ತಾಲೂಕಿನ ಕನಗನಹಳ್ಳಿಯಲ್ಲಿ, ಭೀಮಾತೀರದ ಬೌದ್ಧ ಸ್ತೂಪವನ್ನು 1990ರ ದಶಕದಲ್ಲಿ ಅಗೆದಾಗ ಸುಣ್ಣಕಲ್ಲಿನ ಶಿಲ್ಪಫಲಕಗಳು ದೊರೆತವು. ಅವುಗಳಲ್ಲೊಂದು ಅಶೋಕ ಚಕ್ರವರ್ತಿಯದು. ಬ್ರಾಹ್ಮೀ ಅಕ್ಷರಗಳಲ್ಲಿ ಆತನ ಹೆಸರೂ ಉಂಟು. ರಾಣಿಯಿದ್ದಾಳೆ, ಛತ್ರ ಹಿಡಿದವರು, ಚಾಮರ ಬೀಸುವವರು ಇದ್ದಾರೆ. ಆ ಫಲಕವನ್ನು ಗಣಿಯಿಂದ ಎಳೆದು ತಂದವನು ಮಾತ್ರ ಅದರಲ್ಲಿಲ್ಲ.

ಮುಂದೆ ಹೊರೆಯ ದಾರಿ ಬದಲಾಯಿತು. 1871ರಲ್ಲಿ ಮುಂಬಯಿಯ ಕಡೆಯ ರೈಲುಹಳಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ ತೆರೆಯಿತು. ಶಹಾಬಾದು, ವಾಡಿ, ಚಿತ್ತಾಪುರ, ಸೇಡಂ ಹೀಗೆ ಮುಂಬಯಿ ಬಂದರಿಗೆ ಜೋಡಣೆಯಾದವು. ಚಿಂಚೋಳಿಯನ್ನು ಹಳಿ ಮುಟ್ಟಲಿಲ್ಲ. ಅಲ್ಲಿಯ ಸರಕಿಗೆ ರಸ್ತೆಯೇ ಗತಿಯಾಯಿತು. ಕಡಲು ಕಾಣದ ನಮಗೆ ವಾಡಿಯೇ ಬಂದರು. ಅಲ್ಲಿಯ ಹಮಾಲನೇ ಬಂದರಿನ ಆಳು.

ಅಂತಹ ಆಳನ್ನು ಕಲೆಯ ಪೀಠವೇರಿಸಿದವರಲ್ಲಿ ಬೆಲ್ಜಿಯಂ ದೇಶದ ಶಿಲ್ಪಿ ಕಾನ್‌ಸ್ಟಾಂಟಿನ್ ಮೂನಿಯೇ ಪ್ರಮುಖನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆತ ರೂಪಿಸಿದ ಹಡಗುಕಟ್ಟೆಯ ಕೂಲಿಯ ಕಂಚಿನ ಪ್ರತಿಮೆ ಆಂಟ್‌ವರ್ಪ್ ನಗರದಲ್ಲಿದೆ. ತಲೆ ಹೆಗಲುಗಳ ಮೇಲೆ ಕೊಪ್ಪೆ, ಸೊಂಟದ ಮೇಲೆ ಕೈ. ಗೋಣಿಚೀಲದ ಕೊಪ್ಪೆ ಹಾಕಿದ ನಮ್ಮ ಹಮಾಲರನ್ನು ಕಂಡವರಿಗೆ ಆತ ಪರದೇಶಿಯಲ್ಲ. ಗಮನಿಸತಕ್ಕದ್ದೆಂದರೆ, ಆತನ ಮೇಲೆ ಹೊರೆಯಿಲ್ಲ, ಮನುಷ್ಯನಷ್ಟೇ ಇದ್ದಾನೆ. ಮದರಾಸಿನ ಕಡಲತೀರದಲ್ಲಿ 1959ರಲ್ಲಿ ಸ್ಥಾಪನೆಗೊಂಡ ದೇವಿಪ್ರಸಾದ ರಾಯ್ ಚೌಧುರಿಯವರ ಶಿಲ್ಪದಲ್ಲಾದರೋ ನಾಲ್ವರು ಬಂಡೆಯೊಂದನ್ನು ಮೀಟುತ್ತಿದ್ದಾರೆ. ಒಂದು ಹೊರುವವನ ಘನತೆಯನ್ನು ಹೇಳುತ್ತದೆ, ಇನ್ನೊಂದು ಹೊರುವ ಕಷ್ಟವನ್ನು.

ಆ ಎರಡನೆಯ ಶಿಲ್ಪ ನಿಲ್ಲುವ ಮೊದಲೇ ಯಂತ್ರ ಹೊರಟಿತ್ತು. 1956ರ ಏಪ್ರಿಲ್ 26ರಂದು ಅಮೆರಿಕದ ನೆವಾರ್ಕಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹೊತ್ತು ಸಾಗಿತು. ಮೂಟೆ ಮೂಟೆಯಾಗಿ ಹೊರುತ್ತಿದ್ದ ಸರಕನ್ನು ಕ್ರೇನು ಪೆಟ್ಟಿಗೆಯ ಸಮೇತ ಎತ್ತತೊಡಗಿತು. ವಾಡಿಯಲ್ಲಿ 1968ರಲ್ಲಿ ಸಿಮೆಂಟು ಕಾರ್ಖಾನೆ ಆರಂಭವಾಯಿತು. 50 ಕಿಲೋ ಚೀಲ ಹೊರುವ ಹೆಗಲು ಅಂದು ಬೇಕಿತ್ತು. ಇಂದು ಚೀಲವೇ ಇಲ್ಲದೆ ಟ್ಯಾಂಕು ಲಾರಿಗಳಲ್ಲಿ ಸಿಮೆಂಟಿನ ಪುಡಿ ಸಾಗುವುದೂ ಉಂಟು.

ಯಂತ್ರವನ್ನು ಹಳಿಯುವುದು ನ್ಯಾಯವಲ್ಲ. ಪ್ರಾಯದ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಶಿಫಾರಸು ಮಾಡಿತು. ಕ್ವಿಂಟಾಲು ಮೂಟೆಗೆ ಬಾಗಿದ ಬೆನ್ನಿಗೆ ಆ ಮಾತಿನ ಬೆಲೆ ಗೊತ್ತು. ಆದರೆ ಬೆನ್ನಿನ ಭಾರ ಇಳಿಸಿದ ಯಂತ್ರ ಕೈಯ ಕೂಲಿಯನ್ನೂ ಇಳಿಸಿಕೊಂಡಿತು. ಕೂಲಿ ಹೋದ ಮೇಲೆ ನೆನಪೂ ಹೋಗುವುದು ಎರಡನೆಯ ಅನ್ಯಾಯ.

ಕನಗನಹಳ್ಳಿಯಲ್ಲಿ ಅರಸನ ಹೆಸರನ್ನು ಕೊರೆದರು. ಆದ್ದರಿಂದ ಇಂದಿಗೂ ಗುರುತಿಸುತ್ತೇವೆ. ನಿಮ್ಮ ಮನೆಯಲ್ಲಿ ಗಣಿಯ, ಸ್ಟೇಷನ್ನಿನ, ಅಡತಿ ಅಂಗಡಿಯ ಹಳೆಯ ಫೋಟೋ ಇದ್ದರೆ ತೆಗೆದು ನೋಡಿರಿ. ಮಾಲಿಕರ ಹಿಂದೆ ಹೊರೆ ಇಳಿಸಿ ನಿಂತವರೂ ಇರಬಹುದು. ಬಲ್ಲ ಹಿರಿಯರು ಇರುವಾಗಲೇ ಕೇಳಿ, ಅವರ ಹೆಸರನ್ನು ಹಿಂಬದಿಯಲ್ಲಿ ಬರೆದಿಡಿರಿ.