ಪೊಲೀಸನ ಪಾತ್ರ ಯಾರಿಗೆ?

ಇತಿಹಾಸವೆಂದರೆ ಇಸವಿಗಳ ಬಾಯಿಪಾಠ ಎಂದೇ ಮಕ್ಕಳು ತಿಳಿದಿರುತ್ತಾರೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳ ಶಾಲೆಗಳಲ್ಲಿ ವರ್ಗವಾಗುತ್ತ ಪಾಠ ಹೇಳಿದ ನಾನು ಆ ಬೇಸರ ಕಳೆಯಲು ಹಿಡಿದ ದಾರಿ ಆಟ. ಪರದೆಯಿಲ್ಲ, ಬಣ್ಣವಿಲ್ಲ, ಬರೆದುಕೊಟ್ಟ ಮಾತುಗಳೂ ಇಲ್ಲ. ನಡೆದದ್ದನ್ನು ನಾನು ಹೇಳುತ್ತೇನೆ; ಮಕ್ಕಳು ತಮ್ಮ ಮಾತಿನಲ್ಲೇ ಆಡುತ್ತಾರೆ.

ಈ ಸೀಮೆಯಲ್ಲಿ ಇಂಥ ಆಟಕ್ಕೆ ಕಥೆ ಹುಡುಕಿ ದೂರ ಹೋಗಬೇಕಿಲ್ಲ. ಮೈಲಾರ ಮಹಾದೇವಪ್ಪನವರು ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದವರು. 1930ರ ಮಾರ್ಚ್ 12ರಂದು ಗಾಂಧೀಜಿಯ ಜೊತೆ ಸಾಬರಮತಿಯಿಂದ ಹೊರಟ 78 ಜನರಲ್ಲಿ ಕರ್ನಾಟಕದವರು ಅವರೊಬ್ಬರೇ. ಆಗ ಅವರಿಗೆ 18 ವರ್ಷ. ದಂಡಿಯವರೆಗೆ 24 ದಿನಗಳ ನಡಿಗೆ, ಸುಮಾರು 385 ಕಿ.ಮೀ. ಹಾವೇರಿಯಿಂದ ಬೆಂಗಳೂರು ಮುಟ್ಟಿದರೂ ಇನ್ನೂ ದಾರಿ ಉಳಿಯುತ್ತದೆ ಎಂದಾಗ ಹುಡುಗರು ಕಣ್ಣರಳಿಸುತ್ತಾರೆ.

ಮೊದಲ ಆಟ ಉಪ್ಪಿನದು. ಎಲ್ಲರೂ ಮನೆಯಿಂದ ಒಂದೊಂದು ಹಿಡಿ ಉಪ್ಪು ತರುತ್ತಾರೆ. ಒಬ್ಬ 'ಸರಕಾರ'ವಾಗಿ ಬಾಗಿಲಲ್ಲಿ ಕುಳಿತು ಪ್ರತಿಯೊಬ್ಬರಿಂದಲೂ ಕರ ಕಿತ್ತುಕೊಳ್ಳುತ್ತಾನೆ. ಐದು ನಿಮಿಷದಲ್ಲಿ ಜಗಳ. "ನಮ್ಮವ್ವ ಕೊಟ್ಟ ಉಪ್ಪು, ಇವಗ್ಯಾಕ ಕೊಡ್ಬೇಕ್ರಿ?" ಪುಸ್ತಕದ ಎರಡು ಪುಟ ಹೇಳಲಾಗದ್ದನ್ನು ಆ ಒಂದು ಪ್ರಶ್ನೆ ಹೇಳಿಬಿಡುತ್ತದೆ. ಆಮೇಲೆ ಮೈದಾನ ಸುತ್ತುವ ಯಾತ್ರೆ. ಗಾಂಧೀಜಿಯಾದವನ ಹಿಂದೆ ಓಡಬೇಕಾಗುತ್ತದೆ, ನಗುವೋ ನಗು.

ಎರಡನೆಯ ಆಟ ಹೊಸರಿತ್ತಿಯದು. ಚಲೇಜಾವ್ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ರೈತರಿಂದ ವಸೂಲಾದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು 1943ರ ಏಪ್ರಿಲ್ 1ರಂದು ಮಹಾದೇವಪ್ಪನವರು ಸಂಗಾತಿಗಳೊಡನೆ ಅಲ್ಲಿಗೆ ಹೋದರು. ಪೊಲೀಸರ ಗುಂಡಿಗೆ ಅವರೂ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಬಲಿಯಾದರು. ಮಹಾದೇವಪ್ಪನವರಿಗೆ ಆಗ 31 ವರ್ಷ. ತಾರೀಖು ಹೇಳಿದೊಡನೆ ಯಾರಾದರೂ "ಏಪ್ರಿಲ್ ಫೂಲ್!" ಎಂದು ಕೂಗುವುದುಂಟು. ಕಥೆ ಮುಗಿಯುವ ಹೊತ್ತಿಗೆ ಕೂಗಿದವನೇ ಸುಮ್ಮನಾಗಿರುತ್ತಾನೆ.

ಪ್ರತಿ ವರ್ಷ ತೊಡಕಾಗುವುದು ಇಲ್ಲೇ. ಮಹಾದೇವಪ್ಪನಾಗಲು ಹತ್ತು ಕೈ ಏಳುತ್ತವೆ, ಪೊಲೀಸನಾಗಲು ಒಂದೂ ಇಲ್ಲ. "ಅಕ್ಕೋರ, ನಾ ಪೊಲೀಸ ಆಗಂಗಿಲ್ರಿ." ಅದಕ್ಕೆ ನಾನು ಚೀಟಿ ಎತ್ತಿಸುತ್ತೇನೆ. ಬಂದದ್ದನ್ನು ಆಡಲೇಬೇಕು. ಹುಡುಗಿಯರಿಗೂ ಚೀಟಿ ಉಂಟು. "ನಾವೇನು ಬರೇ ಅಳೋದೇನ್ರಿ?" ಎಂದು ಒಬ್ಬಳು ಕೇಳಿದಾಗ, ಮಹಾದೇವಪ್ಪನವರ ಪತ್ನಿ ಸಿದ್ದಮ್ಮನವರೂ ಚಳವಳಿಗಿಳಿದು ಸೆರೆಮನೆ ಕಂಡವರೆಂದು ಹೇಳಿದೆ. ಅಂದಿನಿಂದ ಆಟಕ್ಕೆ ಸಿದ್ದಮ್ಮನೂ ಬಂದಳು.

ಬಂದೂಕಿನ ಸದ್ದು ಬಾಯಿಂದಲೇ. ಬಿದ್ದವರು ಕಿಸಕ್ಕನೆ ನಗುತ್ತಾರೆ. "ಸತ್ತವರು ನಗಬಾರದು" ಎಂಬ ಕಾನೂನನ್ನು ಮಕ್ಕಳೇ ಮಾಡಿಕೊಂಡಿದ್ದಾರೆ. ಗಂಟೆ ಬಾರಿಸಿದಾಗ ಅವರು ಎದ್ದು ಅಂಗಿಯ ಮಣ್ಣು ಕೊಡವಿಕೊಳ್ಳುತ್ತಾರೆ. ಹೊಸರಿತ್ತಿಯಲ್ಲಿ ಬಿದ್ದ ಮೂವರು ಏಳಲಿಲ್ಲ ಎಂಬುದನ್ನು ಆಗ ಹೇಳಬೇಕಾಗಿಯೇ ಇಲ್ಲ.

ಆಟದ ನಂತರ ಪೊಲೀಸನಾದವನನ್ನು ನಾನು ಮಾತಾಡಿಸುತ್ತೇನೆ. ಒಮ್ಮೆ ಒಬ್ಬ ಹುಡುಗ, "ಅವಗೂ ಪಗಾರ ಬೇಕಿತ್ತಲ್ರಿ, ಮನ್ಯಾಗ ಮಕ್ಕಳಿದ್ದುವಲ್ರಿ" ಎಂದ. "ಹಂಗಂತ ಗುಂಡು ಹೊಡೀಬೇಕೇನು?" ಎಂದು ಇನ್ನೊಬ್ಬ ಎದ್ದ. ಆ ವಾದ ಮರುದಿನದ ಪ್ರಾರ್ಥನೆಯವರೆಗೂ ನಡೆಯಿತು. ನಾನು ತೀರ್ಪು ಕೊಡಲಿಲ್ಲ. ವೀರರಿಗೆ ಜೈ ಎನ್ನುವುದು ಸುಲಭ. ಕೈಯಲ್ಲಿ ಬಂದೂಕು, ಹಿಂದೆ ಮೇಲಧಿಕಾರಿಯ ಹುಕುಂ ಇದ್ದಾಗ ನಾನೇನು ಮಾಡುತ್ತಿದ್ದೆ ಎಂಬ ಪ್ರಶ್ನೆಯನ್ನು ಮಕ್ಕಳು ಒಮ್ಮೆಯಾದರೂ ಎದುರಿಸಲಿ ಎಂಬುದೇ ನನ್ನ ಆಸೆ.

ಹಾವೇರಿಯಲ್ಲಿ ಹುತಾತ್ಮರ ನೆನಪಿಗೆ ವೀರಸೌಧವಿದೆ. ಆಡಿದ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಯಾರೂ ಇಸವಿ ಕೇಳುವುದಿಲ್ಲ. ನೇರವಾಗಿ ತಾವು ಆಡಿದವರ ಹೆಸರನ್ನೇ ಹುಡುಕುತ್ತಾರೆ.